ನಮ್ಮ ಬೀದಿಗೆ ನಾಲ್ಕು ಹಾಸನ

ನಮ್ಮ ಬೀದಿಯಲ್ಲಿ ಹಾಸನಕ್ಕೆ ದಾರಿ ತೋರಿಸುವ ಫಲಕಗಳು ನಾಲ್ಕಿವೆ. ಹಸಿರು ತಗಡು, ಬಿಳಿ ಅಕ್ಷರ, ಅಕ್ಷರದ ಕೆಳಗೊಂದು ದಪ್ಪ ಬಾಣ. ಮೊದಲನೆಯ ಬಾಣ ನನ್ನ ಎದುರು ಮನೆಯ ಗೇಟನ್ನು ತೋರಿಸುತ್ತದೆ. ಎರಡನೆಯದು ಹಾಲಿನ ಡೈರಿಯ ಪಕ್ಕದ ದನದ ಕೊಟ್ಟಿಗೆಯನ್ನು, ಮೂರನೆಯದು ಟೈಲರ್ ಮನೆಯ ಬಚ್ಚಲ ಗೋಡೆಯನ್ನು. ನಾಲ್ಕನೆಯದು ನೆಟ್ಟಗೆ ಹೇಮಾವತಿ ಹೊಳೆಯೊಳಕ್ಕೆ. ಬೀದಿ ಹೊಳೆಯ ಮೆಟ್ಟಿಲಲ್ಲಿ ಮುಗಿದುಹೋಗುತ್ತದೆ, ಅಲ್ಲಿಂದ ಮುಂದೆ ಮೀನು ಮಾತ್ರ ಹೋಗಬಹುದು. ನಿಜವಾದ ಹಾಸನ ಇರುವುದು ಬೀದಿಯ ಬೆನ್ನಿನ ಕಡೆ. ಅಲ್ಲಿಗೆ ಹೋಗಬೇಕಾದವರು ನಮ್ಮ ಬೀದಿಗೆ ಕಾಲೇ ಇಡಬಾರದು.

ಊರಿನ ಹೆಸರು ಬರೆಯುವುದಿಲ್ಲ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಎಲ್ಲೋ ಒಂದು ಕಡೆ, ಹೊಳೆ ದಂಡೆಯ ಮೇಲೆ ಅಂತ ಇಟ್ಟುಕೊಳ್ಳಿ. ಹೆಸರು ಬರೆದರೆ ಪುರಸಭೆಯ ಒಬ್ಬ ಗುಮಾಸ್ತನಿಗೆ ಮೆಮೋ ಹೋಗುತ್ತದೆ, ಆ ಗುಮಾಸ್ತನಿಗೆ ನಾನು ಈಗಾಗಲೇ ಕೊಟ್ಟಿರುವ ಕಾಟ ಸಾಕು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂದರೆ ಓಗು, ಹೊಳೆ ಎಂದರೆ ಒಳೆ. ಆ ಹಕಾರವನ್ನು ಮಕ್ಕಳ ಬಾಯಿಗೆ ಮರಳಿ ತುರುಕುವುದೇ ನನ್ನ ಜೀವನದ ಕೆಲಸ ಅಂತ ಆಗ ನಂಬಿದ್ದೆ. ಬೀದಿಗೆ ನಾಲ್ಕು ಹಾಸನ ಬಂದದ್ದು ಆ ನಂಬಿಕೆಯಿಂದ.

ಕತೆ ಶುರುವಾಗುವುದು ಎದುರು ಮನೆಯ ಅಕ್ಕನ ಮಂಡಿಯಿಂದ. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ತೆಂಗು, ಭತ್ತ ಎಲ್ಲ ಇರುವ ಗೌಡರ ಮನೆಯ ಹೆಂಗಸು, ನನಗಿಂತ ಆರೇಳು ವರ್ಷ ದೊಡ್ಡವಳು. ಮನೆ ತುಂಬ ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ. ನಾನು ಈ ಬೀದಿಗೆ ಬಾಡಿಗೆಗೆ ಬಂದ ಮೊದಲ ಸಂಜೆಯೇ ಅವಳು ಗೇಟಿನಿಂದ ಕೂಗಿ, "ಟೀಚರಮ್ಮ, ಒಳೆ ತಾವ್ಕೆ ಬತ್ತೀಯಾ?" ಅಂದಿದ್ದಳು. ಆವತ್ತಿನಿಂದ ಸಂಜೆ ಐದಾಯಿತೆಂದರೆ ಇಬ್ಬರೂ ಹೊಳೆಗೆ ನಡೆದೇ ನಡೆಯುತ್ತಿದ್ದೆವು. ಬಾಡಿಗೆ ಮನೆಯನ್ನು ನಾನು ಕೊಂಡುಕೊಂಡದ್ದೂ ಹೆಚ್ಚುಕಡಿಮೆ ಆ ನಡಿಗೆಗಾಗಿಯೇ.

ಹೊಳೆಗೆ ದೂರವೇನಿಲ್ಲ. ನನ್ನ ಹೆಜ್ಜೆಯಲ್ಲಿ ನಾನೂರ ಹತ್ತು. ಆದರೆ ನಮಗೆ ಅದು ಮುಕ್ಕಾಲು ಗಂಟೆಯ ದಾರಿ, ಏಕೆಂದರೆ ಆಗ ಬೀದಿಯ ಉದ್ದಕ್ಕೂ ಮನೆಮನೆಗೂ ಜಗುಲಿ ಇತ್ತು. ಒಂದು ಜಗುಲಿಯಲ್ಲಿ ಕೂತು ಸೊಸೆಯ ಸುದ್ದಿ, ಇನ್ನೊಂದರಲ್ಲಿ ಕೂತು ಅತ್ತೆಯ ಸುದ್ದಿ. ಆಮೇಲೆ ಚರಂಡಿ ಅಗಲವಾಯಿತು, ಕಾಂಕ್ರೀಟ್ ರಸ್ತೆ ಬಂತು, ಮನೆಗಳಿಗೆ ಮಹಡಿ ಎದ್ದವು. ಜಗುಲಿ ಇದ್ದ ಕಡೆ ಕಬ್ಬಿಣದ ಗೇಟು, ಗೇಟಿನ ಮೇಲೆ ನಾಯಿ ಇದೆ ಎಂಬ ಬೋರ್ಡು. ನಾಯಿ ಇರಲಿಲ್ಲ, ಬೋರ್ಡು ಮಾತ್ರ ಇತ್ತು. ಜಗುಲಿ ಹೋದದ್ದು ನಮಗೆ ಗೊತ್ತೇ ಆಗಲಿಲ್ಲ, ಅಕ್ಕನ ಮಂಡಿ ಹೇಳುವವರೆಗೆ.

ನೂರೈವತ್ತು ಹೆಜ್ಜೆ ನಡೆದರೆ ಅವಳ ಬಲಮಂಡಿ ಹಿಡಿದುಕೊಳ್ಳುತ್ತಿತ್ತು. ಐದು ನಿಮಿಷ ಕೂತರೆ ಬಿಟ್ಟುಕೊಳ್ಳುತ್ತಿತ್ತು. ಕೂರುವುದೆಲ್ಲಿ? ಒಮ್ಮೆ ಕಾಂಕ್ರೀಟಿನ ಮೇಲೇ ಕೂತಳು, ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಆವತ್ತಿನಿಂದ ಗೇಟು ದಾಟಲಿಲ್ಲ. ಮಗ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದ. "ನಾನೇನ್ ತೆಂಗಿನ್ಕಾಯ್ ಮೂಟೆಯೇನ್ಲಾ, ಗಾಡೀಗಾಕ್ಕಂಡ್ ಓಗಕ್ಕೆ?" ಅಂದಳು. ಅವಳಿಗೆ ಬೇಕಾಗಿದ್ದದ್ದು ಹೊಳೆ ಮಾತ್ರ ಅಲ್ಲ, ಹೊಳೆಗೆ ಹೋಗುವ ದಾರಿ. ಅದು ನನಗೆ ಗೊತ್ತಿತ್ತು, ನನಗೂ ಅದೇ ಬೇಕಾಗಿತ್ತು. ಅವಳಿಲ್ಲದೆ ಒಬ್ಬಳೇ ಎರಡು ದಿನ ಹೋಗಿ ನೋಡಿದೆ. ಅಳು ಬಂತು, ಬಿಟ್ಟೆ.

ಕೊನೆಗೊಂದು ಸಂಜೆ ನಾನೇ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಅವಳ ಹಿಂದೆ ಹೊರಟೆ. ಎಲ್ಲಿ ಮಂಡಿ ಹಿಡಿಯುತ್ತದೋ ಅಲ್ಲಿ ಹಾಕಿಕೊಟ್ಟರಾಯಿತಲ್ಲ. ಆದರೆ ನಮ್ಮೂರಲ್ಲಿ ಕುರ್ಚಿ ಹೊತ್ತುಕೊಂಡು ಬೀದಿಯಲ್ಲಿ ಹೋಗುವುದು ಎರಡಕ್ಕೆ ಮಾತ್ರ, ಮದುವೆಗೆ ಅಥವಾ ಸಾವಿಗೆ. ಮದುವೆಗಾದರೆ ನಾನು ಹಳೇ ಸೀರೆ ಉಟ್ಟಿರುವುದಿಲ್ಲ. ಡೈರಿಯವರು ಹಾಲಳೆಯುವುದು ನಿಲ್ಲಿಸಿ, "ಯಾರೋದ್ರು ಟೀಚರಮ್ಮ?" ಅಂದರು. ಟೈಲರ್ ಮಿಷನ್ನು ನಿಲ್ಲಿಸಿ ಎದ್ದು ನಿಂತ. ಒಬ್ಬರು ಚಪ್ಪಲಿ ಬಿಟ್ಟು ನಮ್ಮ ಹಿಂದೆಯೇ ನಡೆಯತೊಡಗಿದರು. ಅಕ್ಕ ಅಲ್ಲಿಂದಲೇ ತಿರುಗಿದಳು. "ಬ್ಯಾಡ ಕಣೆ, ನಾನ್ ಓಗಾಕ್ ಮುಂಚೇನೇ ಜನ ಸೇರ್ತಾವ್ರೆ," ಅಂದಳು. ನಕ್ಕುಕೊಂಡೇ ಹೇಳಿದಳು, ಆದರೆ ಆ ನಗು ನನಗೆ ಹಿಡಿಸಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ ಪುರಸಭೆಯವರು ಹೊಸದೊಂದು ಯೋಜನೆ ತಂದರು. ನಿಮ್ಮ ಬೀದಿ ಹೇಗಿರಬೇಕೆಂದು ನೀವೇ ಕೂತು ಯೋಚಿಸಿ, ನೀವೇ ಸಮಿತಿ ಮಾಡಿಕೊಂಡು ಅರ್ಜಿ ಕೊಡಿ, ನಿಮ್ಮ ಬೆನ್ನಿಗೆ ನಾವಿರುತ್ತೇವೆ. ಕೇಳಲು ಎಷ್ಟು ಚೆನ್ನಾಗಿದೆ! ನಲವತ್ತು ವರ್ಷ ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ ತಕ್ಷಣ ಬೀದಿಗೆ ಬೀದಿಯೇ ಮೈಮೇಲೆ ಬಂದವರಂತೆ ಆಡತೊಡಗಿತು.

ಸಮಿತಿಗೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಅಧ್ಯಕ್ಷರಾದರು, ಎಲ್ಲರ ವಿಳಾಸವೂ ಅವರಿಗೆ ಗೊತ್ತಿದೆ ಎಂಬ ಕಾರಣಕ್ಕೆ. ಬರೆಯುವ ಕೆಲಸ ನನ್ನದು. ಸಭೆ ಅಕ್ಕನ ಮನೆಯ ಅಂಗಳದಲ್ಲಿ ಸೇರಿತು, ಅವಳು ಬೇರೆ ಕಡೆ ಬರಲಾರಳಲ್ಲ. ಡೈರಿಯವರಿಗೆ ಬೀದಿಯ ಬಾಯಲ್ಲಿ ದೊಡ್ಡದೊಂದು ಕಮಾನು ಬೇಕು. ಟೈಲರಿಗೆ ಬಣ್ಣ ಬದಲಾಯಿಸುವ ಕಾರಂಜಿ ಬೇಕು. ಹೊಳೆಯ ಪಕ್ಕದಲ್ಲಿ ಕಾರಂಜಿ ಯಾಕಪ್ಪ ಅಂದರೆ, "ಒಳೆ ಬಣ್ಣ ಬದ್ಲಾಯಿಸ್ತದಾ?" ಅಂದ. ಕಮಾನಿನ ಮೇಲೆ ಬೀದಿಯ ಹೆಸರು ಒಳಮುಖಕ್ಕಿರಬೇಕೋ ಹೊರಮುಖಕ್ಕಿರಬೇಕೋ ಎಂದು ಮುಕ್ಕಾಲು ಗಂಟೆ ಜಗಳವಾಯಿತು. ಹೊರಗಿಂದ ಬರುವವರಿಗೆ ಹೆಸರು ಬೇಕು ಎಂದು ಒಂದು ಪಕ್ಷ, ಇಲ್ಲಿ ಇರುವವರು ದಿನಾ ಓದಿಕೊಳ್ಳಬೇಕು ಎಂದು ಇನ್ನೊಂದು ಪಕ್ಷ.

ಅಕ್ಕ ಅಷ್ಟೂ ಹೊತ್ತು ಅವರೆಕಾಯಿ ಬಿಡಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, "ಅಪ್ಪಾ, ಒಸಿ ಕುಂತ್ಕಳಕ್ ಜಾಗ ಮಾಡ್ಕೊಡಿ," ಅಂದಳು. "ನಾಕ್ ಕಡೆ ನಾಕ್ ಕಲ್ ಆಕುದ್ರೆ ಸಾಕು. ನಾನು ಒಳೆ ನೋಡಿ ಎಲ್ಡ್ ವರ್ಸಾಯ್ತು."

ಕಮಾನಿನವರು ನೆಲ ನೋಡಿದರು, ಕಾರಂಜಿಯವನು ಟೇಪನ್ನು ಬೆರಳಿಗೆ ಸುತ್ತಿಕೊಂಡ. ಆ ಅಂಗಳದಲ್ಲಿ ಕೂತಿದ್ದ ಅರ್ಧ ಜನರಿಗೆ ಅವಳು ಬಾಣಂತನ ಮಾಡಿದವಳು, ಉಳಿದರ್ಧ ಆ ಬಾಣಂತನದ ಕೂಸುಗಳು. ನಾಲ್ಕು ಕಲ್ಲುಬೆಂಚು ಎಂದು ಒಂದೇ ಮಾತಿನಲ್ಲಿ ತೀರ್ಮಾನವಾಯಿತು. ನನಗೆ ಆವತ್ತು ನಮ್ಮ ಬೀದಿಯ ಮೇಲೆ ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಅಲ್ಲಿಗೆ ನಿಲ್ಲಿಸಿ ಬೆಂಚು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಪೋಸ್ಟ್‌ಮ್ಯಾನರು ಹೇಳಿದರು ಕೂಡ, "ಮೇಡಂ, ಬೆಂಚು ಅಂತ ಬರ್ದ್ಬುಡಿ, ಎಲ್ರಿಗೂ ಅರ್ತ ಆಯ್ತದೆ" ಅಂತ. ನನಗೆ ಮೈ ಉರಿಯಿತು. ಕನ್ನಡ ಮೇಡಂ ಆಗಿದ್ದವಳು ಸರ್ಕಾರಿ ಅರ್ಜಿಯಲ್ಲಿ ಬೆಂಚು ಎಂದು ಬರೆಯುವುದೇ? ಹೊಸ ಪೆನ್ನು ತೆಗೆದು ಮುತ್ತು ಪೋಣಿಸಿದ ಹಾಗೆ ಬರೆದೆ: 'ನಕ್ಷೆಯಲ್ಲಿ ಬಾಣದ ಗುರುತಿನಿಂದ ತೋರಿಸಿರುವ ನಾಲ್ಕು ಕಡೆಗಳಲ್ಲಿ, ನಡೆದು ದಣಿದವರ ಅನುಕೂಲಕ್ಕಾಗಿ ಆಸನ ಕಲ್ಪಿಸಿಕೊಡಬೇಕಾಗಿ ವಿನಂತಿ.' ಜೊತೆಗೆ ಕೈಯಾರೆ ಒಂದು ನಕ್ಷೆಯನ್ನೂ ಬರೆದು, ಕಲ್ಲು ಬರಬೇಕಾದ ನಾಲ್ಕು ಜಾಗಕ್ಕೆ ನಾಲ್ಕು ಬಾಣ ಹಾಕಿದೆ. ಒಂದು ಅಕ್ಕನ ಗೇಟಿನ ಪಕ್ಕಕ್ಕೆ, ಒಂದು ಡೈರಿಯ ಮಗ್ಗುಲಿಗೆ, ಒಂದು ಟೈಲರ್ ಮನೆಯ ಗೋಡೆಗೆ, ಒಂದು ಹೊಳೆಯ ಮೆಟ್ಟಿಲಿಗೆ. ಬಾಣಕ್ಕೆ ಕೆಂಪು ಶಾಯಿ ಬೇರೆ.

ಪುರಸಭೆಯಲ್ಲಿ ಅರ್ಜಿ ತೆಗೆದುಕೊಂಡ ಗುಮಾಸ್ತ ನನ್ನನ್ನು ಕಂಡವನೇ ಎದ್ದು ನಿಂತ. ಹಳೇ ವಿದ್ಯಾರ್ಥಿ. ತಲೆ ನರೆತಿದೆ, ಕನ್ನಡಕ ಬಂದಿದೆ, ಆದರೂ ಕೈ ಕಟ್ಟಿ ನಿಂತ ಭಂಗಿ ಎಂಟನೇ ತರಗತಿಯದೇ. ಅರ್ಜಿಯನ್ನು ಎರಡು ಸಲ ಓದಿದ. ನನ್ನ ಮುಖ ನೋಡಿದ. ಮತ್ತೆ ಅರ್ಜಿ ನೋಡಿದ. "ಸರಿ ಮೇಡಂ, ನಾನ್ ನೋಡ್ಕೋತೀನಿ" ಅಂದ. ಗೌರವ ಇಟ್ಟುಕೊಂಡಿರುವ ಹುಡುಗ ಅಂತ ಹೆಮ್ಮೆಪಟ್ಟುಕೊಂಡು ಮನೆಗೆ ಬಂದೆ.

ಮಂಜೂರಾತಿ ಪತ್ರ ಬರುವ ಹೊತ್ತಿಗೆ ನಾನು ಕಣ್ಣಿನ ಪೊರೆ ತೆಗೆಸಿಕೊಂಡು, ಹಸಿರು ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದೆ. ಪೋಸ್ಟ್‌ಮ್ಯಾನರು ಪತ್ರ ಹಿಡಿದುಕೊಂಡು ಬಂದು ತಲೆದೆಸೆಯಲ್ಲಿ ಕೂತು ಜೋರಾಗಿ ಓದಿದರು. "ನಿಮ್ಮ ಬೀದೀಗೆ ಆಸನ ನಾಕು ಮಂಜೂರಾಗೈತೆ ಮೇಡಂ! ಸಮಿತಿಯೋರು ಒಪ್ಪಿಗೆ ಸಯ್ ಆಕ್ಬೇಕಂತೆ." ಕಿವಿಗೆ ಎಂಥ ಸೊಗಸಾಗಿ ಕೇಳಿತು ಅಂತೀರಿ! ಆಸನ, ಅಕಾರಕ್ಕೆ ದೀರ್ಘ, ಎಲ್ಲೂ ತಪ್ಪಿಲ್ಲ. ಈ ಮನುಷ್ಯನ ಬಾಯಲ್ಲಿ ಕೊನೆಗೂ ಒಂದು ಪದ ಸರಿಯಾಗಿ ಬಂತಲ್ಲ ಎಂದು ಮೆಚ್ಚಿಕೊಂಡೇ, ಅವರು ಬೆರಳಿಟ್ಟು ತೋರಿಸಿದ ಕಡೆ ಕುರುಡಾಗಿ ಸಹಿ ಹಾಕಿದೆ. ಸುದ್ದಿ ಅಕ್ಕನಿಗೆ ಮುಟ್ಟಿತು. ಅವಳು ಆ ಸಂಜೆಯೇ ಹಳೇ ಚಪ್ಪಲಿಯನ್ನು ತೊಳೆಸಿ ಒಣಗಿಸಿ ಬಾಗಿಲ ಹಿಂದೆ ಇಟ್ಟುಕೊಂಡಳಂತೆ.

ಕಣ್ಣಿನ ಬಟ್ಟೆ ತೆಗೆದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ಒಂದು ಗಾಡಿ ಬಂತು. ನಾಲ್ಕು ಜನ ಇಳಿದು ಗುಂಡಿ ತೋಡಿದರು. ಬೆಂಚಿನ ಕಾಲಿಗೆ ಇಷ್ಟು ಆಳ ಯಾಕೆ ಎಂದುಕೊಂಡೆ. ಕಂಬ ನೆಟ್ಟರು. ಬಹುಶಃ ನೆರಳಿಗೆ ಮಾಡು ಹಾಕುತ್ತಾರೇನೋ, ಎಷ್ಟು ಮುಂದಾಲೋಚನೆ ಎಂದುಕೊಂಡೆ. ಆಮೇಲೆ ಕಂಬಕ್ಕೆ ಹಸಿರು ತಗಡು ಏರಿಸಿದರು. ಹೊಸ ಕಣ್ಣು, ಅಕ್ಷರ ಹೊಳೆಯುವಷ್ಟು ಸ್ಪಷ್ಟ. ಹಾಸನ. ಬಾಣ ನನ್ನ ನಕ್ಷೆಯದೇ, ಸೊಟ್ಟಗಿದ್ದದ್ದು ಸೊಟ್ಟಗೇ ಇತ್ತು.

ನಾನು ಓಡಿಹೋಗಿ ಕೇಳಿದೆ. ಕೆಲಸದವರು ಹಾಳೆ ತೋರಿಸಿದರು. 'ನಡೆದು ದಣಿದವರ ಅನುಕೂಲಕ್ಕಾಗಿ ಹಾಸನ, ನಾಲ್ಕು.' ಸಂಜೆ ಅಧಿಕಾರಿಗಳು ಬಂದು ರಿಬ್ಬನ್ ಕತ್ತರಿಸಿದರು. ನಾನು ಅವರನ್ನು ಪಕ್ಕಕ್ಕೆ ಕರೆದು, ಸ್ವಾಮಿ, ಹೊಳೆಯೊಳಗೆ ಹಾಸನ ಇರುವುದು ಸಾಧ್ಯವೇ, ನಿಮಗೆ ಅನುಮಾನ ಬರಲಿಲ್ಲವೇ ಅಂದೆ. ಅವರು ಬಹಳ ವಿನಯದಿಂದ ಹೇಳಿದರು: "ಬಂತು ಮೇಡಂ. ಇಂಜಿನಿಯರಿಗೂ ಬಂತು. ಆದರೆ ಇದು ಜನರೇ ತೀರ್ಮಾನ ಮಾಡೋ ಸ್ಕೀಮು. ಜನ ಕೇಳಿದ್ದನ್ನ ನಾವು ಪ್ರಶ್ನೆ ಮಾಡಿದರೆ, ಪಾಲ್ಗೊಳ್ಳುವಿಕೆ ಎಲ್ಲಿ ಬಂತು ಹೇಳಿ?" ಆಮೇಲೆ ಮೈಕು ಹಿಡಿದು, ಬೇರೆ ಬೀದಿಗಳವರು ಸ್ವಾರ್ಥದಿಂದ ತಮಗೆ ಬೇಕಾದ್ದನ್ನೇ ಕೇಳಿದರು, ಈ ಬೀದಿಯವರು ದಾರಿ ತಪ್ಪಿದ ಪರಸ್ಥಳದವರ ಬಗ್ಗೆ ಯೋಚಿಸಿದರು ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಕಾರಂಜಿ ಕೇಳಿದ್ದ ಟೈಲರ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಅಕ್ಕ ತನ್ನ ಗೇಟಿನಲ್ಲಿ ನಿಂತು ಮೊದಲನೆಯ ಫಲಕವನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. "ಇದ್ರ ಮ್ಯಾಗೆ ಎಂಗೆ ಟೀಚರಮ್ಮ ಕುಂತ್ಕಳಾದು?" ಅಂದಳು. ನಿಜ ಹೇಳುತ್ತೇನೆ, ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರನೆಯ ದಿನದಿಂದ ಗಾಡಿಗಳು ಬರತೊಡಗಿದವು. ಹಳ್ಳಿಮೈಸೂರಿನಿಂದ ಮದುವೆಯ ವ್ಯಾನು ಬಂತು, ಹಿಂದೆ ಓಲಗದವರು. ಬೀದಿ ಕಿರಿದು, ತಿರುಗಿಸಲು ಜಾಗವಿಲ್ಲ. ವ್ಯಾನು ಹಿಂದಕ್ಕೆ ಬರುವಷ್ಟು ಹೊತ್ತು ಡೈರಿಯ ಎಮ್ಮೆಗಳು ಓಲಗ ಕೇಳಿದವು. ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನಕಾಯಿ ತುಂಬಿದ ಟೆಂಪೋ ಬಂತು. ಡ್ರೈವರು ಬಾಣ ನಂಬಿ ಅಕ್ಕನ ಅಂಗಳಕ್ಕೇ ನುಗ್ಗಿಸಿ, "ಅವ್ವಾ, ಇದು ಆಸನದ ಬೈಪಾಸಾ?" ಅಂದ. ಅಕ್ಕ ಅವನಿಗೆ ಮಜ್ಜಿಗೆ ಕೊಟ್ಟು, "ಊಂ ಕಣ್ಲಾ, ಆಸನದಲ್ಲಿ ಉಪ್ಪು ಕಮ್ಮಿ, ಆಕ್ಕೊಂಡ್ ಕುಡಿ," ಅಂದಳಂತೆ. ಕಟ್ಟಾಯದವರೊಬ್ಬರು ಟೈಲರ್ ಬಚ್ಚಲ ಗೋಡೆಯ ಮುಂದೆ ಬೈಕು ನಿಲ್ಲಿಸಿ ಗೋಡೆಯನ್ನೇ ಬಹಳ ಹೊತ್ತು ನೋಡಿ, ಒಳಗೆ ಸ್ನಾನ ಮಾಡುತ್ತಿದ್ದವರ ಹತ್ತಿರವೇ ದಾರಿ ಕೇಳಿದರು.

ನಮ್ಮ ಬೀದಿಯ ಕೀರ್ತಿ ಹಬ್ಬಿ, ಇನ್ನೊಂದು ಊರಿನ ಬಡಾವಣೆಯವರು ಮಾದರಿ ಬೀದಿ ನೋಡಲು ಮಿನಿಬಸ್ಸಿನಲ್ಲಿ ಬಂದರು. ಹೊಳೆಯ ಕಡೆ ಬಾಣ ಯಾಕೆ ಎಂದು ಅವರಲ್ಲೊಬ್ಬರು ಕೇಳಿದರು. ಪೋಸ್ಟ್‌ಮ್ಯಾನರು ಒಂದು ಕ್ಷಣವೂ ತಡಮಾಡದೆ, "ಅದು ಪಾದಚಾರಿಗಳಿಗೆ ಜಾಗೃತಿ ಸಾ," ಅಂದರು. ಬಂದವರೆಲ್ಲ ಬರೆದುಕೊಂಡರು.

ನಾನು ಪುರಸಭೆಗೆ ಹೋದೆ. ನನ್ನ ಕೋಪ ನೋಡಿ ಹೊರಗೆ ಟೀ ಹಿಡಿದು ನಿಂತವರು ದಾರಿ ಬಿಟ್ಟರು. ಗುಮಾಸ್ತ ಎದ್ದು ಕೈ ಕಟ್ಟಿ ನಿಂತ. ಕಡತ ತೆಗೆಸಿದೆ. ನನ್ನ ಅರ್ಜಿ ಇತ್ತು. 'ಆಸನ' ಎಂಬ ಪದದ ಮೊದಲ ಅಕ್ಷರಕ್ಕೆ ಪೆನ್ಸಿಲಿನಲ್ಲಿ ಒಂದು ಸುತ್ತು, ಅದರ ಮೇಲೆ ಅಂದವಾಗಿ 'ಹಾ'. ಮೂವತ್ತೊಂದು ವರ್ಷ ನಾನು ನೋಟ್‌ಬುಕ್ಕುಗಳಲ್ಲಿ ಹಾಕುತ್ತಿದ್ದ ಸುತ್ತು ಅದೇ, ಅದೇ ಗಾತ್ರ, ಅದೇ ಬಾಲ.

"ಯಾರು ತಿದ್ದಿದ್ದು?" ಅಂದೆ.

"ನಾನೇ ಮೇಡಂ."

"ಆಸನ ಅಂದರೆ ಕೂರುವ ಜಾಗ ಅಂತ ಗೊತ್ತಿಲ್ಲವೇನೋ?"

"ಗೊತ್ತು ಮೇಡಂ. ಆದ್ರೆ ನಮ್ ಕಡೆ ಕೂರೋದನ್ನ ಯಾರ್ ಆಸನ ಅಂತಾರೆ? ಬೆಂಚು ಅಂತಾರೆ, ಕಟ್ಟೆ ಅಂತಾರೆ. ಆಸನ ಅಂದ್ರೆ ಹಾಸನವೇ." ಅವನು ತಲೆ ಎತ್ತಲಿಲ್ಲ. "ಮೇಡಂಗೆ ವಯಸ್ಸಾಯ್ತು, ಕಣ್ಣು ಮಂಜು ಬೇರೆ, ಹಕಾರ ಬುಟ್ಬುಟ್ಟವ್ರೆ ಅನ್ಕೊಂಡೆ. ಬೇರೆಯೋರು ನೋಡಿದ್ರೆ ನಗ್ತಾರೆ ಅಂತ ಯಾರಿಗೂ ಹೇಳ್ದಲೆ ತಿದ್ದಿದೆ."

ಅವನು ನಿಧಾನಕ್ಕೆ ಮುಂದುವರಿಸಿದ. "ನೀವ್ ಮರ್ತಿರ್ತೀರಿ ಮೇಡಂ. ಎಂಟ್ನೇ ಕ್ಲಾಸಲ್ಲಿ ನಮ್ಮ ಹಸು ಅಂತ ಪ್ರಬಂಧ."

ಮರೆತಿರಲಿಲ್ಲ. ಅವನು ಹೇಳಿದ ಕ್ಷಣವೇ ಎಲ್ಲ ಕಣ್ಣ ಮುಂದೆ ಬಂತು. 'ನಮ್ಮ ಅಸು ಅಟ್ಟಿಯಲ್ಲಿ ಇದೆ' ಎಂದು ಬರೆದಿದ್ದ. ಅಸು ಎಂದರೆ ಪ್ರಾಣ. ನಾನು ಅದನ್ನು ಇಡೀ ತರಗತಿಗೆ ಓದಿ ಹೇಳಿ, "ನಿನ್ನ ಅಸು ಹಟ್ಟಿಯಲ್ಲಿದ್ದರೆ ನೀನು ಇಲ್ಲಿ ಹೇಗೋ ಕೂತಿದ್ದೀಯ?" ಎಂದಿದ್ದೆ. ಎಂಥ ಚಮತ್ಕಾರ ಮಾಡಿದೆ ಅಂತ ಸ್ಟಾಫ್ ರೂಮಿನಲ್ಲೂ ಹೇಳಿಕೊಂಡು ನಕ್ಕಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವನನ್ನು ಎಲ್ಲರೂ ಅಸು, ಅಸು ಎಂದೇ ಕರೆದರಂತೆ. ಒಬ್ಬನಂತೂ ದಿನಾ ಬೆಳಿಗ್ಗೆ ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದನಂತೆ.

"ಆವತ್ತಿಂದ ಅನುಮಾನ ಬಂದ್ರೆ ಹಕಾರ ಹಾಕ್ಬುಡ್ತೀನಿ ಮೇಡಂ. ಹಾಫೀಸಲ್ಲೂ ಅಂಗೇಯ," ಅಂದ. ತಕ್ಷಣ, "ಆಫೀಸಲ್ಲೂ ಹಂಗೇ," ಎಂದು ತಿದ್ದಿಕೊಂಡ.

ಐವತ್ತರ ಗಂಡಸು ನನ್ನ ಮುಂದೆ ಹಾಗೆ ತಿದ್ದಿಕೊಂಡದ್ದು ನೋಡಿ ನನ್ನ ಕೋಪವೆಲ್ಲ ನನ್ನ ಕಡೆಗೇ ತಿರುಗಿತು. ನಾಚಿಕೆಯಾಯಿತು. "ನಾನು ಆವತ್ತು ನಗಬಾರದಿತ್ತು ಕಣಪ್ಪ. ತಪ್ಪಾಯಿತು," ಅಂದೆ. ಕಚೇರಿಯಲ್ಲಿ ಇನ್ನೂ ಮೂರು ಜನರಿದ್ದರು, ಅವರಿಗೂ ಕೇಳಿಸಲಿ ಅಂತ ಜೋರಾಗಿಯೇ ಅಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, "ಬುಡಿ ಮೇಡಂ," ಅಂದ. ಈ ಸಲ ತಿದ್ದಿಕೊಳ್ಳಲಿಲ್ಲ. ಕುರ್ಚಿ ಎಳೆದು, "ಕುಂತ್ಕಳಿ," ಅಂದ.

ಕೂತು ನನ್ನ ತೊಂದರೆ ಹೇಳಿದೆ, ಅಕ್ಕನ ಮಂಡಿಯ ವಿಚಾರವನ್ನೆಲ್ಲ. ಅವನು ನಿಯಮ ಹೇಳಿದ. ಫಲಕ ತೆಗೆಯಬೇಕಾದರೆ, ನಮಗೆ ಬೇಕಾಗಿದ್ದದ್ದು ಬೇಡವಾಗಿತ್ತು ಎಂದು ಸಮಿತಿ ನಿರ್ಣಯ ಮಾಡಬೇಕು. ಆದರೆ ಬಹಳ ಸಂತೋಷವಾಗಿದೆ ಎಂಬ ತೃಪ್ತಿ ಪತ್ರಕ್ಕೆ ಸಮಿತಿ ಆಗಲೇ ಸಹಿ ಹಾಕಿದೆ, ಪೋಸ್ಟ್‌ಮ್ಯಾನರು ರಿಬ್ಬನ್ನಿನ ದಿನವೇ ಉಮೇದಿನಲ್ಲಿ ಹಾಕಿಕೊಟ್ಟಿದ್ದಾರೆ. ಸಂತೋಷಪಟ್ಟ ಬೀದಿಗೆ ಮತ್ತೆ ಅರ್ಜಿ ಹಾಕುವ ಹಕ್ಕಿಲ್ಲ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ.

"ಕಂಬ ಏನಾರಾ ಅಲ್ಲಾಡ್ತಾವಾ ಮೇಡಂ?"

"ಟೆಂಪೋ ಗುದ್ದಿ ಅಕ್ಕನ ಗೇಟಿನದು ಸ್ವಲ್ಪ ವಾಲಿದೆ."

"ಅಂಗಾರೆ ಆಯ್ತು. ಅಲ್ಲಾಡೋ ಕಂಬಕ್ಕೆ ಬುಡದಲ್ಲಿ ಕಟ್ಟೆ ಕಟ್ಬೋದು. ದುರಸ್ತೀಲಿ ಬತ್ತದೆ, ಅರ್ಜಿ ಬ್ಯಾಡ. ಕಟ್ಟೆ ಎಷ್ಟೆತ್ತರ ಇರ್ಬೇಕು ಅಂತ ಯಾವ ರೂಲ್ಸಲ್ಲೂ ಇಲ್ಲ." ಮತ್ತೆ ಸೇರಿಸಿದ, "ಕಟ್ಟೇಲಿ ಹಕಾರ ಬರಕ್ಕೆ ಜಾಗಾನೂ ಇಲ್ಲ ಮೇಡಂ."

ಮಾರನೆಯ ದಿನ ಅವನೇ ಅಳತೆ ಟೇಪು ಹಿಡಿದು ಬಂದ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮಂಡಿಯೂರಿ, ಪಾದದಿಂದ ಮಂಡಿಯ ಮಡಿಕೆಯವರೆಗೆ ಅಳೆದ. ಅಕ್ಕ ಸೀರೆ ಎಳೆದುಕೊಂಡು, "ಏನ್ಲಾ ಇದು, ಕಂಬ ಅಲ್ಲಿ ಐತೆ, ನನ್ ಕಾಲ್ ಅಳೀತೀಯಲ್ಲ?" ಅಂದಳು. ಅವನು ಗಂಭೀರವಾಗಿ ಹಾಳೆಯಲ್ಲಿ ಬರೆದುಕೊಂಡ: 'ಕಂಬದ ರಕ್ಷಣಾ ಕಟ್ಟೆ, ಎತ್ತರ ಹದಿನೇಳು ಇಂಚು, ಮೇಲ್ಭಾಗ ನುಣುಪಾಗಿರತಕ್ಕದ್ದು.' ನುಣುಪು ಯಾಕೆ ಅಂತ ಇಂಜಿನಿಯರು ಕೇಳಿದರೆ ಮಳೆನೀರು ಜಾರಲಿ ಅಂತ ಹೇಳುತ್ತೇನೆ ಅಂದ. ಆಮೇಲೆ ತಗ್ಗಿದ ದನಿಯಲ್ಲಿ, "ಒಂದೇ ಕಂಬ ಅಲ್ಲಾಡ್ತಿರೋದು. ಮಿಕ್ಕ ಮೂರೂ ಬುಧವಾರ ಇಂಜಿನಿಯರ್ ಬರೋ ವೊತ್ಗೆ ಅಲ್ಲಾಡ್ತಿದ್ರೆ ಚೆನ್ನಾಗಿತ್ತು," ಎಂದು ಹೇಳಿ ಹೋದ.

ಕಾಂಕ್ರೀಟಿನಲ್ಲಿ ನೆಟ್ಟ ಕಂಬ ಅಲ್ಲಾಡಿಸುವುದು ಸುಲಭವಲ್ಲ. ಮಂಗಳವಾರ ಇಡೀ ದಿನ ನಮ್ಮ ಬೀದಿಯ ಮರ್ಯಾದಸ್ಥರೆಲ್ಲ ಸರ್ಕಾರಿ ಕಂಬಗಳನ್ನು ತಬ್ಬಿಕೊಂಡು ಒದ್ದಾಡಿದೆವು. ಪೋಸ್ಟ್‌ಮ್ಯಾನರು ಬೆನ್ನು ಕೊಟ್ಟು ಒತ್ತಿದರು. ಡೈರಿಯವರು ಎಮ್ಮೆ ಕಟ್ಟಿ ನೋಡಿದರು. ಎಮ್ಮೆ ಅಲ್ಲೇ ಮಲಗಿತು. ನಾನು ಸೆರಗು ಸಿಕ್ಕಿಸಿಕೊಂಡು ಟೈಲರ್ ಜೊತೆ ಮೂರನೆಯ ಹಾಸನವನ್ನು ತಳ್ಳುತ್ತಿದ್ದಾಗ, ಅರಕಲಗೂಡಿನ ಕಡೆಯ ಒಬ್ಬ ಬೈಕಿನವನು ನಿಲ್ಲಿಸಿ, "ಆಸನ ಎಲ್ಲಿಗ್ ತಳ್ತಿದೀರಿ?" ಅಂದ. "ಸ್ವಲ್ಪ ಈ ಕಡೆಗೆ," ಅಂತ ಟೈಲರ್ ಉತ್ತರ ಕೊಟ್ಟ. ನಕ್ಕು ನಕ್ಕು ಕೈಯಲ್ಲಿ ಬಲ ಉಳಿಯಲಿಲ್ಲ. ಆದರೂ ಬುಧವಾರ ಬೆಳಿಗ್ಗೆ ನಾಲ್ಕೂ ಕಂಬ ಅಲ್ಲಾಡುತ್ತಿದ್ದವು.

ಕಟ್ಟೆಗಳು ಮುಗಿದು, ಗಾರೆ ಒಣಗಿದ ಸಂಜೆ ಅಕ್ಕ ಬಾಗಿಲ ಹಿಂದಿನ ಚಪ್ಪಲಿ ತೆಗೆದಳು. ಗೇಟು ದಾಟಿ ಮೊದಲನೆಯ ಹಾಸನದ ಮೇಲೆ ಸುಮ್ಮನೆ ಒಂದು ಸಲ ಕೂತೆದ್ದಳು, ಪರೀಕ್ಷೆಗೆ. ಡೈರಿಯ ಹಾಸನದಲ್ಲಿ ಐದು ನಿಮಿಷ ಕೂತಳು. ಬಚ್ಚಲ ಗೋಡೆಯ ಹಾಸನದಲ್ಲಿ ಹತ್ತು ನಿಮಿಷ ಬೇಕಾಯಿತು, ಮಂಡಿ ಬಿಡಲೇ ಇಲ್ಲ. ಅವಳ ಮುಖ ಬೆವರಿತ್ತು. "ತಿರುಗೋಣವೇ ಅಕ್ಕ?" ಅಂದೆ. "ಸುಮ್ಕಿರು," ಅಂದಳು. ಡೈರಿಯವರು, ಟೈಲರ್, ಪೋಸ್ಟ್‌ಮ್ಯಾನರು ಎಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಬೇರೇನೋ ಕೆಲಸ ಮಾಡುತ್ತಿರುವವರಂತೆ ನಟಿಸುತ್ತ ನೋಡುತ್ತಿದ್ದರು. ಯಾರೂ ಹಿಂದೆ ಬರಲಿಲ್ಲ, ಅದಕ್ಕೆ ಅವರಿಗೆಲ್ಲ ನಾನು ಋಣಿ. ಕೊನೆಯ ನೂರ ನಲವತ್ತು ಹೆಜ್ಜೆ ಅವಳು ನನ್ನ ತೋಳು ಹಿಡಿದು ನಡೆದಳು. ನಾಲ್ಕನೆಯ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ಆಮೇಲೆ ಕಣ್ಣು ತೆರೆದಳು. ಹೊಳೆ ತುಂಬಿ ಹರಿಯುತ್ತಿತ್ತು. "ಇಲ್ಲೇ ಐತಲ್ಲೇ," ಅಂದಳು, ಯಾರೋ ಅದನ್ನು ಎತ್ತಿಕೊಂಡು ಹೋಗಿದ್ದಾರೆ ಎಂದು ಎರಡು ವರ್ಷ ನಂಬಿದ್ದವಳ ಹಾಗೆ. ಅವಳ ಕೆನ್ನೆ ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಹೊಸ ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದರೂ.

ಅಷ್ಟರಲ್ಲಿ ಹಿಂದೆ ಒಂದು ಸ್ಕೂಟರು ಬಂದು ನಿಂತಿತು. ದಾರಿ ತಪ್ಪಿದ ಒಬ್ಬ ಮನುಷ್ಯ, ಮುಂದೆ ಎರಡು ಚೀಲ, ಮುಖ ತುಂಬ ಧೂಳು. ನಮ್ಮ ತಲೆಯ ಮೇಲಿನ ಫಲಕ ನೋಡಿದ, ಬಾಣ ನೋಡಿದ, ಹೊಳೆ ನೋಡಿದ. "ಅಮ್ಮಾ, ಆಸನ ಎಲ್ ಬತ್ತದೆ?" ಅಂದ.

ನಾನು ಪಕ್ಕಕ್ಕೆ ಸರಿದು, ಕಲ್ಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ.

"ಇದೇ ಆಸನ ಕಣಪ್ಪ," ಅಂದೆ. "ದಣಿದಿದ್ದೀಯ, ಕುಂತ್ಕೊ."